ಹಳೆಯ ಅಂಬಾಸಿಡರ್‌ನ ಜೋತುಬಿದ್ದ ಬಾಗಿಲು: ಸವೆದ ಕೀಲುಗಳನ್ನು ಸರಿಪಡಿಸುವ ಕ್ರಮ

ನಿಮ್ಮ ಅಂಬಾಸಿಡರ್ ಕಾರಿನ ಚಾಲಕನ ಬಾಗಿಲನ್ನು ಅರ್ಧ ತೆರೆದು, ಲಾಕ್ ಇರುವ ಕಡೆಯ ಅಂಚನ್ನು ಕೆಳಗಿನಿಂದ ಎರಡೂ ಕೈಗಳಲ್ಲಿ ಹಿಡಿದು ಮೆಲ್ಲಗೆ ಮೇಲಕ್ಕೆತ್ತಿ ನೋಡಿ. ಬಾಗಿಲು ಎರಡು ಮೂರು ಮಿಲಿಮೀಟರ್ ಮೇಲೆದ್ದು, ಕೈ ಸಡಿಲಿಸಿದೊಡನೆ ‘ಟಕ್’ ಎಂದು ಕೆಳಗೆ ಕೂತರೆ ಅದರ ಕೀಲುಗಳು ಸವೆದಿವೆ ಎಂದು ತಿಳಿಯಬೇಕು. ಇಂಥ ಬಾಗಿಲು ಮುಚ್ಚುವಾಗ ಲಾಕಿನ ನಾಲಿಗೆ, ಅದನ್ನು ಹಿಡಿದುಕೊಳ್ಳಲು ಕಾರಿನ ಚೌಕಟ್ಟಿನಲ್ಲಿರುವ ಕೊಂಡಿಯಾದ ಸ್ಟ್ರೈಕರ್‌ನ ಕೆಳಭಾಗಕ್ಕೆ ಬಡಿಯುತ್ತದೆ, ಮತ್ತೆ ಮತ್ತೆ ಜೋರಾಗಿ ಎಳೆದುಕೊಳ್ಳಬೇಕಾಗುತ್ತದೆ, ಬಾಗಿಲಿನ ಕೆಳಮೂಲೆ ಹೊಸ್ತಿಲಿನ ಬಣ್ಣವನ್ನು ಕೆರೆಯುತ್ತದೆ, ಮಳೆಗಾಲದಲ್ಲಿ ಮೇಲಿನ ಮೂಲೆಯಿಂದ ನೀರು ಒಳಗಿಳಿಯುತ್ತದೆ.

ಇದಕ್ಕೆ ಗ್ಯಾರೇಜುಗಳಲ್ಲಿ ಸಾಮಾನ್ಯವಾಗಿ ಸಿಗುವ ಪರಿಹಾರಗಳು ಎರಡು. ಒಂದು, ಸ್ಟ್ರೈಕರನ್ನು ಕೆಳಗಿಳಿಸಿ, ಜೋತುಬಿದ್ದ ಬಾಗಿಲಿಗೆ ಅದನ್ನು ಹೊಂದಿಸಿಕೊಡುವುದು. ಇನ್ನೊಂದು, ಬಾಗಿಲಿನ ಕೆಳಗೆ ಮರದ ದಿಮ್ಮಿಯೊಡ್ಡಿ ಮೀಟಿ, ಕೀಲನ್ನೋ ಅದು ಕೂತಿರುವ ಬಾಗಿಲ ಚೌಕಟ್ಟಿನ ಕಂಬವನ್ನೋ ಬಗ್ಗಿಸಿ ಬಾಗಿಲನ್ನು ಎತ್ತರಿಸುವುದು. 1977ರ ನನ್ನ ಮಾರ್ಕ್ 3 ಕಾರಿಗೆ ಈ ಎರಡೂ ಚಿಕಿತ್ಸೆಗಳು ಆಗಿದ್ದವು. ಮೊದಲನೆಯದರಿಂದ ಆರು ತಿಂಗಳು ಬಾಗಿಲು ಸುಲಭವಾಗಿ ಮುಚ್ಚಿತು. ಎರಡನೆಯದಾದ ಮೇಲೆ, ಮೇಲಿನ ಕೀಲು ಕೂತಿರುವ ಜಾಗದಲ್ಲಿ ಕಂಬದ ತಗಡು ಬಿರುಕು ಬಿಟ್ಟಿತು. ಸವೆದಿದ್ದದ್ದು ಹೆಬ್ಬೆರಳಿನ ಗಾತ್ರದ ಒಂದು ಪಿನ್ನು ಮತ್ತು ಅದು ಕೂರುವ ತೂತು. ಅದನ್ನು ಬಿಟ್ಟು ಉಳಿದೆಲ್ಲವನ್ನೂ ಬಗ್ಗಿಸಿದ್ದರ ಫಲವಾಗಿ ಕೊನೆಗೆ ಬೆಸುಗೆ ಹಾಕಿಸಬೇಕಾಯಿತು. ಆದ್ದರಿಂದ ಈ ಬರಹದಲ್ಲಿ ನಾನು ಒತ್ತಿ ಹೇಳುವುದು ಒಂದೇ ಮಾತು: ಸವೆತ ಇರುವಲ್ಲೇ ದುರಸ್ತಿ ನಡೆಯಬೇಕು, ಮತ್ತು ಅಳತೆ ಮಾಡದೆ ಯಾವ ಸ್ಕ್ರೂವನ್ನೂ ಸಡಿಲಿಸಬಾರದು.

ಮಾರಿಸ್ ಆಕ್ಸ್‌ಫರ್ಡ್ ಸೀರೀಸ್ 3ರ ವಿನ್ಯಾಸದಿಂದ ಹುಟ್ಟಿ, ಪಶ್ಚಿಮ ಬಂಗಾಳದ ಉತ್ತರಪಾರಾದಲ್ಲಿ ತಯಾರಾಗುತ್ತಿದ್ದ ಈ ಕಾರಿನ ಉತ್ಪಾದನೆ 2014ರಲ್ಲಿ ನಿಂತಿತು. ಬೆಂಗಳೂರಿನ ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗಳಲ್ಲಿ ಅದೃಷ್ಟವಿದ್ದರೆ ಹಳೆಯ ದಾಸ್ತಾನಿನ ಕೀಲು ಸಿಕ್ಕೀತು. ಗುಜರಿಯಲ್ಲಿ ಸಿಗುವ ಕೀಲು ಬಹುಮಟ್ಟಿಗೆ ನಿಮ್ಮದರಷ್ಟೇ ಸವೆದಿರುತ್ತದೆ. ಹೀಗಿರುವಾಗ ಕಾರಿನ ಜೊತೆ ಹುಟ್ಟಿದ ಕೀಲನ್ನೇ ಉಳಿಸಿಕೊಂಡು, ಅದಕ್ಕೆ ಹೊಸ ಪಿನ್ನು ಮತ್ತು ಬುಷ್ (ಪಿನ್ನು ಕೂರುವ ತೂತಿಗೆ ತೊಡಿಸುವ ಲೋಹದ ಕೊಳವೆ) ಹಾಕಿಸುವುದು ಉತ್ತಮ ದಾರಿ ಎಂಬುದು ನನ್ನ ಅಭಿಪ್ರಾಯ. ಇಲ್ಲಿ ಹೇಳುವ ಕ್ರಮ ಪ್ರೀಮಿಯರ್ ಪದ್ಮಿನಿಯಂಥ ಆ ಕಾಲದ ಇತರ ಕಾರುಗಳಿಗೂ ಬಹುಪಾಲು ಅನ್ವಯಿಸುತ್ತದೆ. ಒಂದು ವ್ಯತ್ಯಾಸವನ್ನು ಮಾತ್ರ ನೆನಪಿಡಬೇಕು: ಪದ್ಮಿನಿಯಂಥ ಫಿಯೆಟ್ ಮೂಲದ ಕಾರುಗಳಲ್ಲಿ ಸ್ಕ್ರೂ ಬೋಲ್ಟುಗಳು ಮಿಲಿಮೀಟರ್ ಅಳತೆಯವು, ಮಾರಿಸ್ ಮೂಲದ ಹಳೆಯ ಕಾರುಗಳಲ್ಲಿ ಇಂಚಿನ ಅಳತೆಯವು. ಒಂದರ ಜಾಗದಲ್ಲಿ ಇನ್ನೊಂದನ್ನು ಬಲವಂತವಾಗಿ ತಿರುಗಿಸಿದರೆ ಮರೆ (ಸ್ಕ್ರೂ ಹಿಡಿಯುವ ತಿರುಪುಗೆರೆ) ಹಾಳಾಗುತ್ತದೆ.

ಸವೆತ ಹೇಗಾಗುತ್ತದೆ

ಬಾಗಿಲು ಎರಡು ಕೀಲುಗಳ ಮೇಲೆ ನೇತಾಡುತ್ತದೆ. ಅದರ ತೂಕ 20 ಕಿಲೋ, ತೂಕದ ಕೇಂದ್ರ ಕೀಲಿನಿಂದ 45 ಸೆಂ.ಮೀ. ದೂರ, ಎರಡು ಕೀಲುಗಳ ನಡುವಿನ ಅಂತರ 30 ಸೆಂ.ಮೀ. ಎಂದಿಟ್ಟುಕೊಂಡರೆ, ಮೇಲಿನ ಕೀಲನ್ನು ಕಂಬದಿಂದ ಆಚೆಗೆ ಎಳೆಯುವ ಬಲ 30 ಕಿಲೋ ಆಗುತ್ತದೆ, ಕೆಳಗಿನ ಕೀಲನ್ನು ಕಂಬದೊಳಕ್ಕೆ ಒತ್ತುವ ಬಲವೂ ಅಷ್ಟೇ. ಇದು ಬಾಗಿಲು ಸುಮ್ಮನೆ ತೆರೆದು ನಿಂತಿರುವಾಗಿನ ಲೆಕ್ಕ. ಯಾರಾದರೂ ಇಳಿಯುವಾಗ ಬಾಗಿಲಿನ ಮೇಲೆ 75 ಸೆಂ.ಮೀ. ದೂರದಲ್ಲಿ 40 ಕಿಲೋ ಭಾರ ಊರಿದರೆ ಆ ಬಲಕ್ಕೆ ಇನ್ನೂ 100 ಕಿಲೋ ಸೇರುತ್ತದೆ. ಹಿರಿಯರು ಬಾಗಿಲು ಹಿಡಿದುಕೊಂಡೇ ಏಳುತ್ತಾರೆ, ಅದು ತಪ್ಪಲ್ಲ, ಆದರೆ ಕೀಲು ಅದರ ಬೆಲೆ ತೆರುತ್ತದೆ. ಸ್ವಂತಕ್ಕೆ ಓಡಿದ ಕಾರಿನಲ್ಲಿ ಚಾಲಕನ ಬಾಗಿಲು ಮೊದಲು ಜೋತುಬೀಳುತ್ತದೆ. ಇಲಾಖೆಯ ಸೇವೆಯಲ್ಲೋ ಟ್ಯಾಕ್ಸಿಯಾಗಿಯೋ ಓಡಿದ ಅಂಬಾಸಿಡರ್‌ನಲ್ಲಿ ಹಿಂದಿನ ಎಡಬಾಗಿಲನ್ನೂ ಅಷ್ಟೇ ಶ್ರದ್ಧೆಯಿಂದ ಪರೀಕ್ಷಿಸಬೇಕು, ಏಕೆಂದರೆ ಸಾಹೇಬರೂ ಬಾಡಿಗೆಯವರೂ ಹತ್ತಿ ಇಳಿದದ್ದು ಅಲ್ಲಿಂದ.

ಸವೆತದ ಆಕಾರವೂ ಗಮನಿಸತಕ್ಕದ್ದು. ಪಿನ್ನು ಕಂಬದ ಕಡೆಯ ಎಲೆಯಲ್ಲಿ (ಕೀಲಿನ ಎರಡು ಪಟ್ಟಿಗಳಲ್ಲಿ ಒಂದು) ಬಿಗಿಯಾಗಿ ಕೂತು, ಬಾಗಿಲಿನ ಕಡೆಯ ಎಲೆ ಅದರ ಸುತ್ತ ತಿರುಗುವ ಕೀಲಿನಲ್ಲಿ, ಬಾಗಿಲು ಎಷ್ಟೇ ತೆರೆದರೂ ತೂತಿನ ಒಂದೇ ಬದಿ ಪಿನ್ನಿಗೆ ಒತ್ತಿಕೊಂಡಿರುತ್ತದೆ. ಹೀಗಾಗಿ ತೂತು ಒಂದೇ ದಿಕ್ಕಿಗೆ ಸವೆದು ಮೊಟ್ಟೆಯಾಕಾರಕ್ಕೆ ತಿರುಗುತ್ತದೆ. ಪಿನ್ನಾದರೋ ಬಾಗಿಲು ತಿರುಗುವಷ್ಟು ಕೋನದುದ್ದಕ್ಕೂ ಒಂದು ಪಾರ್ಶ್ವದಲ್ಲಿ ಸವೆಯುತ್ತದೆ. ಪಿನ್ನನ್ನು ಹೊಡೆದು ತೆಗೆದು, ಅರ್ಧ ಸುತ್ತು ತಿರುಗಿಸಿ ಮತ್ತೆ ಕೂರಿಸುವ ಹಳೆಯ ಉಪಾಯ ಹುಟ್ಟಿದ್ದು ಇದರಿಂದಲೇ. ಅದು ಪಿನ್ನಿನ ಸವೆಯದ ಮುಖವನ್ನು ಕೆಲಸಕ್ಕೆ ತರುತ್ತದೆ, ನಿಜ. ಆದರೆ ತೂತು ಮೊಟ್ಟೆಯಾಕಾರದಲ್ಲೇ ಉಳಿಯುವುದರಿಂದ ಸಡಿಲ ಅರ್ಧದಷ್ಟೇ ಕಡಿಮೆಯಾದೀತು. ಬೇರೆ ದಾರಿ ಸಿಗುವವರೆಗಿನ ತಾತ್ಕಾಲಿಕ ಏರ್ಪಾಡಾಗಿ ಮಾತ್ರ ಅದನ್ನು ಒಪ್ಪಬಹುದು.

ಈ ಸಣ್ಣ ಸಡಿಲ ಬಾಗಿಲಿನ ತುದಿಯಲ್ಲಿ ದೊಡ್ಡದಾಗಿ ಕಾಣಿಸಿಕೊಳ್ಳುತ್ತದೆ. ಎರಡೂ ಕೀಲುಗಳಲ್ಲಿ ತಲಾ ಅರ್ಧ ಮಿಲಿಮೀಟರ್ ಆಟವಿದ್ದು, ಅವುಗಳ ನಡುವೆ 30 ಸೆಂ.ಮೀ. ಅಂತರವಿದ್ದರೆ, 90 ಸೆಂ.ಮೀ. ಆಚೆಗಿರುವ ಲಾಕಿನ ಅಂಚು 3 ಮಿ.ಮೀ. ಮೇಲೆ ಕೆಳಗೆ ಆಡುತ್ತದೆ. ಈ ಗುಣಾಕಾರವನ್ನು ಹಿಂದುಮುಂದಾಗಿಸಿ ನಿಮ್ಮ ಕಾರಿಗೆ ಬಳಸಿಕೊಳ್ಳಿ. ಅಂಚಿನಲ್ಲಿ ಎಷ್ಟು ಎತ್ತರ ಆಡುತ್ತದೆ ಎಂದು ಸ್ಕೇಲಿನಲ್ಲಿ ಅಳೆದು, ಕೀಲುಗಳ ಅಂತರದಿಂದ ಗುಣಿಸಿ, ಬಾಗಿಲಿನ ಅಗಲದಿಂದ ಭಾಗಿಸಿದರೆ ಎರಡೂ ಕೀಲುಗಳ ಒಟ್ಟು ಆಟ ಸಿಗುತ್ತದೆ. ಆ ಲೆಕ್ಕ ಮತ್ತು ಮುಂದೆ ಪಿನ್ನು ಬಿಚ್ಚಿದಾಗ ಸಿಗುವ ಅಳತೆ ಹತ್ತಿರ ಬರದಿದ್ದರೆ, ತೊಂದರೆಯ ಒಂದು ಪಾಲು ಕೀಲಿನಲ್ಲಲ್ಲ, ಬೇರೆಲ್ಲೋ ಇದೆ ಎಂದರ್ಥ.

ಬಿಚ್ಚುವ ಮೊದಲಿನ ಪರೀಕ್ಷೆ

ಆ ‘ಬೇರೆಲ್ಲೋ’ ಎಂಬುದನ್ನು ಮೊದಲೇ ಹುಡುಕಿಕೊಳ್ಳುವುದು ಲೇಸು. ಒಬ್ಬರು ಬಾಗಿಲನ್ನು ಎತ್ತಿ ಇಳಿಸುತ್ತಿರಲಿ, ಇನ್ನೊಬ್ಬರು ಟಾರ್ಚ್ ಹಿಡಿದು ಕೀಲಿನ ಮೇಲೆ ಬೆರಳಿಡಲಿ. ಬೆರಳಿನ ಅರ್ಧ ಒಂದು ಎಲೆಯ ಮೇಲೆ, ಅರ್ಧ ಇನ್ನೊಂದು ಎಲೆಯ ಮೇಲೆ ಇರಬೇಕು. ಎರಡು ಎಲೆಗಳು ಒಂದಕ್ಕೊಂದು ಸರಿದದ್ದು ಬೆರಳಿಗೆ ತಿಳಿದರೆ ದೋಷ ಪಿನ್ನಿನಲ್ಲಿದೆ. ಎಲೆ ಮತ್ತು ಕಂಬದ ನಡುವೆ ಚಲನೆ ಕಂಡರೆ ಸ್ಕ್ರೂಗಳು ಸಡಿಲವಾಗಿವೆ, ಅವನ್ನು ಬಿಗಿಮಾಡಿ ಮತ್ತೆ ಪರೀಕ್ಷಿಸಬೇಕು. ಎಲೆಯೂ ತಗಡೂ ಒಟ್ಟಿಗೆ ಉಸಿರಾಡಿದಂತೆ ಒಳಹೊರಗಾದರೆ ಕಂಬದ ತಗಡು ಬಿರುಕು ಬಿಟ್ಟಿದೆ ಅಥವಾ ಒಳಗಿನಿಂದ ತುಕ್ಕು ತಿಂದಿದೆ. ಬಾಗಿಲಿನ ಕಡೆಯ ತಗಡಿನಲ್ಲೂ ಇದೇ ಪರೀಕ್ಷೆ ನಡೆಯಬೇಕು, ಇದಕ್ಕೆ ಬಾಗಿಲಿನ ಒಳಹೊದಿಕೆಯಾದ ಡೋರ್ ಪ್ಯಾಡ್ ಬಿಚ್ಚಿ ಒಳಗಿನಿಂದ ನೋಡುವುದು ಒಳ್ಳೆಯದು.

ಅಂಬಾಸಿಡರ್‌ಗೆ ಲಾರಿಯಂತೆ ಪ್ರತ್ಯೇಕ ಚಾಸಿಸ್ ಇಲ್ಲ. ನೆಲ, ಹೊಸ್ತಿಲು, ಕಂಬ, ಮಾಡು ಎಲ್ಲ ಕೂಡಿ ಒಂದೇ ಪೆಟ್ಟಿಗೆಯಾಗಿ ಭಾರ ಹೊರುತ್ತವೆ. ಹೊಸ್ತಿಲು ಒಳಗೊಳಗೇ ಕೊಳೆತಿದ್ದರೆ ಇಡೀ ದೇಹ ನಡುವೆ ಕುಸಿದು ಬಾಗಿಲಿನ ಸಂದುಗಳು ಕೆಡುತ್ತವೆ, ಆಗ ಹೊಸ ಪಿನ್ನು ಹಾಕಿ ಪ್ರಯೋಜನವಿಲ್ಲ. ಇದನ್ನು ತಿಳಿಯಲು ಬಾಗಿಲು ಮುಚ್ಚಿ ಅದರ ಹಿಂದಿನ ಸಂದಿನ ಅಗಲವನ್ನು ಮೇಲೆ, ನಡುವೆ, ಕೆಳಗೆ ಮೂರು ಕಡೆ ಅಳೆದು ಬರೆದುಕೊಳ್ಳಿ. ಬಳಿಕ ಅದೇ ಬದಿಯಲ್ಲಿ ಜ್ಯಾಕ್ ಕೊಟ್ಟು ಚಕ್ರ ನೆಲ ಬಿಡುವವರೆಗೆ ಎತ್ತಿ ಮತ್ತೆ ಅಳೆಯಿರಿ. ಅಳತೆ ಒಂದು ಮಿಲಿಮೀಟರಿಗಿಂತ ಹೆಚ್ಚು ಬದಲಾದರೆ, ಅಥವಾ ಜ್ಯಾಕ್ ಮೇಲೆ ನಿಂತಿರುವಾಗ ಬಾಗಿಲು ತೆರೆಯುವುದೇ ಕಷ್ಟವಾದರೆ, ಮೊದಲು ಹೊಸ್ತಿಲಿನ ಕೆಲಸ, ಆಮೇಲೆ ಕೀಲಿನ ಕೆಲಸ. ಮಂಗಳೂರು, ಉಡುಪಿ, ಕಾರವಾರದ ಕಡೆ ವರ್ಷಗಟ್ಟಲೆ ಇದ್ದ ಕಾರುಗಳಲ್ಲಿ ಈ ಪರೀಕ್ಷೆಯನ್ನು ಯಾವ ಕಾರಣಕ್ಕೂ ಬಿಡಬಾರದು. ಅಲ್ಲಿನ ಉಪ್ಪುಗಾಳಿ ಹೊಸ್ತಿಲನ್ನು ಹೊರಗಿನ ಬಣ್ಣ ಕೆಡುವ ಮೊದಲೇ ಒಳಗಿನಿಂದ ತಿಂದಿರುತ್ತದೆ.

ಬಿಚ್ಚುವುದು

ಕೀಲಿನ ಎಲೆಗಳ ಸುತ್ತ ಚೂಪಾದ ಗೀರುಮೊಳೆಯಿಂದ ಕಂಬದ ಮೇಲೂ ಬಾಗಿಲಿನ ಮೇಲೂ ಸಣ್ಣ ಗೆರೆ ಎಳೆಯಿರಿ. ಜೋಡಿಸುವಾಗ ಮೊದಲ ಆಧಾರ ಈ ಗೆರೆಯೇ. ಬಣ್ಣ ಕೆಡಿಸಲು ಮನಸ್ಸಿಲ್ಲದವರು ಮಾಸ್ಕಿಂಗ್ ಟೇಪ್ ಅಂಟಿಸಿ ಅದರ ಮೇಲೆ ಪೆನ್ನಿನಲ್ಲಿ ಗುರುತು ಮಾಡಬಹುದು, ಆದರೆ ಎಣ್ಣೆ ತಾಗಿದರೆ ಟೇಪ್ ಎದ್ದು ಬರುತ್ತದೆ. ಎಲೆಯ ಹಿಂದೆ ತೆಳು ತಗಡಿನ ಶಿಮ್‌ಗಳಿದ್ದರೆ ಅವು ಎಷ್ಟು, ಯಾವ ಕೀಲಿಗೆ ಸೇರಿದವು ಎಂದು ಬರೆದಿಡಿ. ನಾಲ್ಕೂ ಬಾಗಿಲುಗಳ ಎಂಟು ಕೀಲುಗಳನ್ನು ಒಟ್ಟಿಗೆ ಬಿಚ್ಚುವ ಉತ್ಸಾಹ ಬೇಡ. ಒಂದು ಬಾಗಿಲು ಪೂರ್ತಿ ಮುಗಿದ ಮೇಲೆ ಇನ್ನೊಂದನ್ನು ಮುಟ್ಟಿದರೆ, ಹೋಲಿಸಿ ನೋಡಲು ಸರಿಯಾದ ಅಳತೆಯೊಂದು ಕಾರಿನಲ್ಲೇ ಉಳಿದಿರುತ್ತದೆ.

ಸ್ಕ್ರೂಗಳಿಗೆ ಎರಡು ದಿನ ಮೊದಲಿನಿಂದಲೇ ತುಕ್ಕು ಬಿಡಿಸುವ ಎಣ್ಣೆಯನ್ನು ಹೊತ್ತು ಹೊತ್ತಿಗೆ ಬಿಡುತ್ತಿರಬೇಕು. ಸಾಮಾನ್ಯ ಸ್ಕ್ರೂಡ್ರೈವರಿನಿಂದ ಇವನ್ನು ಬಿಚ್ಚಲು ಹೋದರೆ ತಲೆಯ ಸೀಳು ಸವೆದು ಹೋಗುತ್ತದೆ. ಸುತ್ತಿಗೆಯಿಂದ ಹೊಡೆದಾಗ ತಾನೇ ತಿರುಗುವ ಇಂಪ್ಯಾಕ್ಟ್ ಸ್ಕ್ರೂಡ್ರೈವರ್ ಬೇಕು, ಮತ್ತು ಅದರ ಬಿಟ್ ಆ ಸೀಳಿಗೆ ಸರಿಯಾಗಿ ಹೊಂದಬೇಕು. ಹೊಡೆಯುವ ಮೊದಲು ಒಂದು ಸಲ ಬಿಗಿಯಾಗುವ ದಿಕ್ಕಿಗೆ ಸ್ವಲ್ಪ ತಿರುಗಿಸಿದರೆ ಹಿಡಿದ ತುಕ್ಕು ಒಡೆಯುತ್ತದೆ. ಕಾರಿನ ಮೇಲಿರುವಾಗ ಗ್ಯಾಸ್ ಜ್ವಾಲೆ ಬಳಸುವುದನ್ನು ನಾನು ಒಪ್ಪುವುದಿಲ್ಲ. ಕಂಬದೊಳಗಿನ ವೈರು, ಬಣ್ಣ, ರಬ್ಬರ್ ಬೀಡಿಂಗ್ ಎಲ್ಲವೂ ಅಲ್ಲಿಯೇ ಇರುತ್ತವೆ. ದೊಡ್ಡ ಸೋಲ್ಡರಿಂಗ್ ಕಬ್ಬಿಣವನ್ನು ಸ್ಕ್ರೂ ತಲೆಗೆ ಹತ್ತು ನಿಮಿಷ ಒತ್ತಿ ಹಿಡಿದರೆ ಬೇಕಾದಷ್ಟು ಬಿಸಿ ಸಿಗುತ್ತದೆ.

ಬಾಗಿಲಿನ ಕೆಳಗೆ ಜ್ಯಾಕ್, ಅದರ ಮೇಲೆ ಹಲಗೆ, ಹಲಗೆಯ ಮೇಲೆ ಹಳೆಯ ಕಂಬಳಿಯಿಟ್ಟು, ಬಾಗಿಲಿನ ಭಾರ ಜ್ಯಾಕಿಗೆ ವರ್ಗವಾಗುವಷ್ಟು ಮಾತ್ರ ಎತ್ತಿ. ಬಾಗಿಲು ಅತಿಯಾಗಿ ತೆರೆಯದಂತೆ ತಡೆಯುವ ಚೆಕ್ ಸ್ಟ್ರಾಪನ್ನು ಮೊದಲು ಬಿಚ್ಚಿ, ಆ ಕ್ಷಣದಿಂದ ಒಬ್ಬರು ಬಾಗಿಲನ್ನು ಹಿಡಿದೇ ಇರಬೇಕು, ಇಲ್ಲವಾದರೆ ಅದು ಬೀಸಿ ಹೋಗಿ ಮುಂದಿನ ಮಡ್‌ಗಾರ್ಡಿಗೆ ಬಡಿಯುತ್ತದೆ. ಮೊದಲು ಕೆಳಗಿನ ಕೀಲು, ಕೊನೆಗೆ ಮೇಲಿನದು. ಹಲವು ಕಾರುಗಳಲ್ಲಿ ಕಂಬದೊಳಗಿನ ಮರೆಯಿರುವ ಪಟ್ಟಿಯನ್ನು ಹೊಂದಾಣಿಕೆಗೆಂದು ಸಡಿಲವಾಗಿ ಬಿಟ್ಟಿರುತ್ತಾರೆ. ಸ್ಕ್ರೂಗಳೆಲ್ಲ ಹೊರಬಂದರೆ ಆ ಪಟ್ಟಿ ಕಂಬದೊಳಗೆ ಬಿದ್ದುಹೋಗಬಹುದು. ಎಲೆ ತೆಗೆದ ಕೂಡಲೇ ಒಂದು ಸ್ಕ್ರೂವನ್ನು ವಾಷರ್ ಸಮೇತ ಮರಳಿ ಕೂರಿಸಿಬಿಡುವುದು ಇದಕ್ಕೆ ಸುಲಭದ ಎಚ್ಚರಿಕೆ. ಬಿಚ್ಚಿದ ಕೀಲುಗಳಿಗೆ ‘ಬಲ ಮುಂದೆ ಮೇಲೆ’, ‘ಬಲ ಮುಂದೆ ಕೆಳಗೆ’ ಎಂದು ಚೀಟಿ ಕಟ್ಟಿಡಿ. ನೋಡಲು ಒಂದೇ ತರಹ ಕಂಡರೂ ಅವು ಅದಲುಬದಲಾಗುವಂಥವಲ್ಲ.

ಪಿನ್ನು ತೆಗೆಯುವ ಕೆಲಸ ಮೇಜಿನ ಮೇಲೆ ಆಗಬೇಕು. ಕೆಲವು ಪಿನ್ನುಗಳಿಗೆ ಒಂದು ಕಡೆ ತಲೆಯಿದ್ದು ತಲೆಯ ಕೆಳಗೆ ಹಲ್ಲುಗೆರೆಗಳಿರುತ್ತವೆ, ಅವು ತಲೆಯ ಕಡೆಗೇ ಹೊರಬರುತ್ತವೆ. ಕೆಲವಕ್ಕೆ ತಲೆಯೇ ಇಲ್ಲ. ಇನ್ನು ಕೆಲವನ್ನು ಎರಡೂ ತುದಿಗಳಲ್ಲಿ ಬಡಿದು ರಿವೆಟ್ ಮಾಡಿರುತ್ತಾರೆ, ಅಲ್ಲಿ ಒಂದು ತುದಿಯನ್ನು ಡ್ರಿಲ್ ಮಾಡಿ ತೆಗೆಯದೆ ಪಿನ್ನು ಅಲುಗುವುದಿಲ್ಲ. ಯಾವ ಬಗೆಯದೆಂದು ನೋಡಿಕೊಂಡ ಮೇಲೆ, ಗೆಣ್ಣಿನ (ಪಿನ್ನು ಹಾಯುವ, ಎಲೆಯ ದುಂಡು ಭಾಗ) ಒಂದು ಬದಿಗೆ ಪಿನ್ನು ಒಳಹೋಗುವಷ್ಟು ಅಗಲದ ಬಾಕ್ಸ್ ಸ್ಪ್ಯಾನರ್ ತಲೆಯನ್ನೂ ಇನ್ನೊಂದು ಬದಿಗೆ ಪಿನ್ನಿಗಿಂತ ಸಪುರವಾದ ಉಕ್ಕಿನ ತುಂಡನ್ನೂ ಇಟ್ಟು, ಬೆಂಚ್ ವೈಸಿನಲ್ಲಿ ನಿಧಾನವಾಗಿ ಒತ್ತಬೇಕು. ಸುತ್ತಿಗೆ ಕೊನೆಯ ಉಪಾಯ. ಕೀಲು ಎರಕದ್ದಾಗಿದ್ದರೆ ಹೊಡೆತಕ್ಕೆ ಗೆಣ್ಣು ಸೀಳುತ್ತದೆ, ಮತ್ತು ಸೀಳಿದ ಎರಕವನ್ನು ನಂಬಿಕೆಯಿಂದ ಬೆಸೆಯುವವರು ಕಡಿಮೆ. ಕಾರಿನಿಂದ ಹೊರಗಿರುವ, ಬಣ್ಣ ಎಣ್ಣೆ ಒರೆಸಿದ ಕೀಲನ್ನು ಗ್ಯಾಸ್ ಜ್ವಾಲೆಯಲ್ಲಿ ಬಿಸಿಮಾಡಿ ಒತ್ತುವುದಕ್ಕೆ ಅಡ್ಡಿಯಿಲ್ಲ, ಆದರೆ ಬಿಸಿಯಾದುದನ್ನು ನೀರಿಗೆ ಅದ್ದದೆ ತಾನಾಗಿ ಆರಲು ಬಿಡಬೇಕು.

ಅಳತೆ ಮತ್ತು ನಿರ್ಧಾರ

ಪಿನ್ನನ್ನು ಸೀಮೆಎಣ್ಣೆಯಲ್ಲಿ ತೊಳೆದು, ಮೈಕ್ರೋಮೀಟರಿನಿಂದ ಎರಡು ಕಡೆ ಅಳೆಯಬೇಕು: ಬಿಗಿಯಾಗಿ ಕೂತು ಸವೆಯದೆ ಉಳಿದ ಭಾಗದಲ್ಲಿ ಮತ್ತು ಕಣ್ಣಿಗೆ ಮೆಟ್ಟಿಲಿನಂತೆ ಕಾಣುವ ಸವೆದ ಭಾಗದಲ್ಲಿ. ಮೊದಲನೆಯದು ಸವೆಯುವ ಮುಂಚಿನ ಅಳತೆ, ನಿಮಗೆ ಬೇಕಾದದ್ದು ಅದೇ. ಯಾರೋ ಹೇಳಿದ ಅಂಕಿಯನ್ನು ನಂಬಿ ಪಿನ್ನು ಮಾಡಿಸಬೇಡಿ. 35 ವರ್ಷಗಳ ಹಿಂದೆ ಒಮ್ಮೆ ದುರಸ್ತಿಯಾದ ಕೀಲು ನಿಮ್ಮ ಕೈಯಲ್ಲಿರಬಹುದು. ತೂತನ್ನು ವರ್ನಿಯರಿನ ಒಳದವಡೆಯಿಂದ ಎರಡು ಅಡ್ಡ ದಿಕ್ಕುಗಳಲ್ಲಿ ಅಳೆದರೆ ಅದು ಎಷ್ಟು ಮೊಟ್ಟೆಯಾಕಾರಕ್ಕೆ ತಿರುಗಿದೆ ಎಂದು ತಿಳಿಯುತ್ತದೆ. ಗೆಣ್ಣುಗಳ ಎದುರುಬದುರು ಮುಖಗಳನ್ನೂ ನೋಡಿ. ಅಲ್ಲಿ ಸವೆದಿದ್ದರೆ ಬಾಗಿಲು ವಾಲುವ ಬದಲು ನೇರವಾಗಿ ಕೆಳಗಿಳಿದಿರುತ್ತದೆ.

ಸವೆತ ಪಿನ್ನಿನಲ್ಲಿ ಮಾತ್ರವಿದ್ದು ತೂತು ದುಂಡಗೇ ಉಳಿದಿದ್ದರೆ ಹೊಸ ಪಿನ್ನು ಸಾಕು. ಇದು ಅಪರೂಪ. ತೂತು ಕಾಲು ಮಿಲಿಮೀಟರಿನ ಆಸುಪಾಸಿನಲ್ಲಿ ಸವೆದಿದ್ದರೆ ತೂತನ್ನು ನಯವಾಗಿ ಕೆರೆದು ಹಿಗ್ಗಿಸುವ ಉಪಕರಣವಾದ ರೀಮರ್‌ನಿಂದ ಸ್ವಲ್ಪ ಹಿಗ್ಗಿಸಿ ದಪ್ಪ ಪಿನ್ನು ಹಾಕಬಹುದು. ಮೂಲ ಅಳತೆ 8 ಮಿ.ಮೀ. ಎಂದಾದರೆ ತೂತನ್ನು 8.5ಕ್ಕೆ ಒಯ್ದು ಅದಕ್ಕೆ ತಕ್ಕ ಪಿನ್ನು ಕಡೆಸುವುದು. ಕೆಲಸ ಬೇಗ ಮುಗಿಯುತ್ತದೆ, ಆದರೆ ಮುಂದೊಮ್ಮೆ ಸವೆದಾಗ ಮತ್ತೆ ಎಲೆಯ ಲೋಹವನ್ನೇ ಕೊರೆಯಬೇಕು. ಸವೆತ ಅದಕ್ಕಿಂತ ಹೆಚ್ಚಾಗಿದ್ದರೆ ಬುಷ್ ಹಾಕಿಸುವುದೇ ಸರಿ. ನನ್ನನ್ನು ಕೇಳಿದರೆ ಕಡಿಮೆ ಸವೆತದಲ್ಲೂ ಬುಷ್ ಹಾಕಿಸಿಬಿಡಿ ಎನ್ನುತ್ತೇನೆ, ಏಕೆಂದರೆ ಆಮೇಲೆ ಸವೆಯುವುದು ಸುಲಭವಾಗಿ ಬದಲಿಸಬಹುದಾದ ಬುಷ್, ಸಿಗದೆ ಹೋಗುವ ಕೀಲಲ್ಲ.

ತೂತನ್ನು ತುಂಬಿಸಲು ಬೆಸುಗೆ ಹಾಕಿ ಮತ್ತೆ ಡ್ರಿಲ್ ಮಾಡಿಕೊಡುತ್ತೇವೆ ಎನ್ನುವವರೂ ಇದ್ದಾರೆ. ಬೆಸುಗೆಯ ಬಿಸಿಗೆ ಎಲೆ ಸೊಟ್ಟಗಾಗುತ್ತದೆ, ಬೆಸುಗೆಯ ಲೋಹ ಒಂದು ಕಡೆ ಗಟ್ಟಿ ಒಂದು ಕಡೆ ಮೆದುವಾಗಿ ಡ್ರಿಲ್ ಬದಿಗೆ ಸರಿಯುತ್ತದೆ. ಅದನ್ನು ಒಪ್ಪಿಕೊಳ್ಳಬೇಡಿ.

ಲೇತ್ ಕೆಲಸ

ಲೋಹವನ್ನು ಕಡೆದು ಕೊಡುವ ಲೇತ್ ಅಂಗಡಿ ಈಗಲೂ ನಮ್ಮ ತಾಲ್ಲೂಕು ಕೇಂದ್ರಗಳಲ್ಲೆಲ್ಲ ಇದೆ, ಬೆಂಗಳೂರಿನ ಪೀಣ್ಯದಂಥ ಕಡೆ ಹೆಚ್ಚು ನಿಖರವಾದ ಯಂತ್ರಗಳೂ ಸಿಗುತ್ತವೆ. ಅವರ ಮುಂದೆ ಸವೆದ ಕೀಲನ್ನಿಟ್ಟು ‘ಟೈಟ್ ಮಾಡಿಕೊಡಿ’ ಎಂದರೆ ಸಾಲದು. ಒಂದು ಹಾಳೆಯಲ್ಲಿ ಚಿತ್ರ ಬರೆದು ಅಳತೆಗಳನ್ನು ನಮೂದಿಸಿ ಕೊಡಬೇಕು.

ಪಿನ್ನಿಗೆ ಇಎನ್-8 ಎಂಬ ದರ್ಜೆಯ ಉಕ್ಕು ಸಾಕಷ್ಟು ಗಟ್ಟಿ, ಎಲ್ಲ ಕಡೆ ಸಿಗುತ್ತದೆ. ಕಡೆದ ಬಳಿಕ ಅದರ ಮೈ ನುಣುಪಾಗಿರಬೇಕು, ಉಳಿಯ ಗೆರೆಗಳು ಉಳಿದರೆ ಅವು ಅರದಂತೆ ಬುಷನ್ನು ತಿನ್ನುತ್ತವೆ. ಬುಷ್‌ಗೆ ಗನ್ ಮೆಟಲ್ ಅಥವಾ ಫಾಸ್ಫರ್ ಬ್ರಾಂಜ್ ಬೇಕು. ಮಾಮೂಲಿ ಹಿತ್ತಾಳೆ ಸುಲಭವಾಗಿ ಸಿಗುವುದರಿಂದ ಅದನ್ನೇ ಹಾಕುವ ರೂಢಿಯಿದೆ, ಆದರೆ ಬಾಗಿಲಿನ ಭಾರಕ್ಕೆ ಅದು ಬೇಗ ಸವೆಯುತ್ತದೆ.

ಮುಖ್ಯವಾದದ್ದು ತೂತಿನ ಕೇಂದ್ರ. ಮೊಟ್ಟೆಯಾಕಾರದ ತೂತಿಗೆ ಕೈ ಡ್ರಿಲ್ ಹಾಕಿದರೆ ಬಿಟ್ ಸವೆದ ಕಡೆಗೇ ಜಾರುತ್ತದೆ. ಹೊಸ ಬುಷ್ ಆ ತಪ್ಪು ಕೇಂದ್ರದಲ್ಲೇ ಕೂರುತ್ತದೆ, ಬಾಗಿಲಿನಲ್ಲಿ ಆಟವಿಲ್ಲದಿದ್ದರೂ ಅದು ಜೋತುಬಿದ್ದ ಸ್ಥಾನದಲ್ಲೇ ಉಳಿಯುತ್ತದೆ. ಆದ್ದರಿಂದ ಎಲೆಯನ್ನು ಯಂತ್ರದ ಮೇಜಿಗೆ ಬಿಗಿದು, ಗೆಣ್ಣಿನ ಹೊರಮೈಯಿಂದಲೋ, ತೂತಿನ ಸವೆಯದ ತುದಿಯಿಂದಲೋ ಮೂಲ ಕೇಂದ್ರವನ್ನು ಹಿಡಿದು, ಬೋರಿಂಗ್ ಉಳಿಯಿಂದ ಕೊರೆಯಬೇಕು. ಈ ಮಾತನ್ನು ಲೇತ್‌ನವರಿಗೆ ಎರಡು ಸಲ ಹೇಳಿ.

8 ಮಿ.ಮೀ. ಪಿನ್ನಿನ ಉದಾಹರಣೆಯನ್ನೇ ಮುಂದುವರಿಸಿದರೆ, ಎಲೆಯ ತೂತನ್ನು 11.00ಕ್ಕೆ ಕೊರೆದು, ಬುಷ್‌ನ ಹೊರವ್ಯಾಸವನ್ನು 11.03ಕ್ಕೆ ಇಟ್ಟು ಒತ್ತಿ ಕೂರಿಸಬೇಕು. ಬುಷ್‌ನ ಒಳವ್ಯಾಸವನ್ನು ಮೊದಲು 7.8ಕ್ಕೆ ಮಾತ್ರ ಮಾಡಿಸಿರಬೇಕು, ಏಕೆಂದರೆ ಒತ್ತಿದಾಗ ಬುಷ್ ಸ್ವಲ್ಪ ಕುಗ್ಗುತ್ತದೆ, ಕೊನೆಯ ಅಳತೆಗೆ ತರುವುದು ಕೂರಿಸಿದ ಮೇಲೆಯೇ. ಗೆಣ್ಣಿನ ಹೊರವ್ಯಾಸ 16 ಇದ್ದರೆ ಬುಷ್‌ನ ಸುತ್ತ ಎರಡೂವರೆ ಮಿಲಿಮೀಟರ್ ಲೋಹ ಉಳಿಯುತ್ತದೆ. ಎರಡಕ್ಕಿಂತ ಕಡಿಮೆ ಉಳಿಯುವಂತಿದ್ದರೆ ಬುಷ್ ತೆಳುವಾಗಬೇಕು.

ನಂತರ ಎರಡೂ ಎಲೆಗಳನ್ನು ಜೋಡಿಸಿ ಹಿಡಿದು, ಎಲ್ಲ ಗೆಣ್ಣುಗಳ ಮೂಲಕ ಒಂದೇ ರೀಮರನ್ನು ಹಾಯಿಸಬೇಕು. ಬೇರೆ ಬೇರೆಯಾಗಿ ರೀಮ್ ಮಾಡಿದ ತೂತುಗಳು ಒಂದೇ ಗೆರೆಯಲ್ಲಿ ಬರುವ ಭರವಸೆಯಿಲ್ಲ, ಸಾಲು ತಪ್ಪಿದರೆ ಪಿನ್ನು ಸೊಟ್ಟಗೆ ಕೂತು ಬಾಗಿಲು ಭಾರವಾಗಿ ತಿರುಗುತ್ತದೆ. ರೀಮರನ್ನು ಎಣ್ಣೆ ಹಾಕುತ್ತ ಪ್ರದಕ್ಷಿಣೆಯಾಗಿಯೇ ತಿರುಗಿಸಬೇಕು, ಹೊರತೆಗೆಯುವಾಗಲೂ ಅದೇ ದಿಕ್ಕು. ಹಿಂದಕ್ಕೆ ತಿರುಗಿಸಿದರೆ ಅದರ ಅಲಗು ಮೊಂಡಾಗುತ್ತದೆ. ತಿರುಗುವ ಎಲೆಯಲ್ಲಿ ಪಿನ್ನಿಗೂ ಬುಷ್‌ಗೂ 0.02ರಿಂದ 0.05 ಮಿ.ಮೀ. ಅಂತರ ಸಾಕು: ಎಣ್ಣೆ ಸವರಿದ ಪಿನ್ನು ಹೆಬ್ಬೆರಳಿನ ಒತ್ತಡಕ್ಕೆ ಒಳಸರಿಯಬೇಕು, ಅಲುಗಾಡಿಸಿದರೆ ಆಡಬಾರದು. ಇನ್ನೊಂದು ಎಲೆಯಲ್ಲಿ ಪಿನ್ನು ಬಿಗಿಯಾಗಿ ಕೂರಲೇಬೇಕು, ಆದ್ದರಿಂದ ಪಿನ್ನಿನ ಆ ಭಾಗವನ್ನು ತೂತಿಗಿಂತ ಎರಡು ಮೂರು ನೂರಾಂಶ ಮಿಲಿಮೀಟರ್ ದಪ್ಪವಾಗಿ ಇರಿಸಿ ವೈಸಿನಲ್ಲಿ ಒತ್ತಿ. ಅಲ್ಲಿ ಸಡಿಲಬಿಟ್ಟರೆ ಪಿನ್ನು ಎರಡೂ ಎಲೆಗಳಲ್ಲಿ ತಿರುಗತೊಡಗಿ, ಬುಷ್ ಇಲ್ಲದ ಕಡೆ ಮತ್ತೆ ಸವೆತ ಹಿಡಿಯುತ್ತದೆ. ಗೆಣ್ಣಿನ ಮುಖಗಳು ಸವೆದಿದ್ದರೆ ಅವುಗಳ ನಡುವೆ ಅರ್ಧ ಮಿಲಿಮೀಟರಿನ ಬ್ರಾಂಜ್ ವಾಷರ್ ಸೇರಿಸಿ.

ಬುಷ್ ಇರುವ ಗೆಣ್ಣಿನ ಹೊರಮೈಯಲ್ಲಿ ಎರಡು ಮಿಲಿಮೀಟರಿನ ಎಣ್ಣೆತೂತು ಹಾಕಿಸುವುದನ್ನು ಮರೆಯಬೇಡಿ. ಫೋಕ್ಸ್‌ವ್ಯಾಗನ್ ಬೀಟಲ್ ಕಾರಿನ ಕೀಲುಗಳಲ್ಲಿ ಎಣ್ಣೆ ಬಿಡಲೆಂದೇ ತೂತಿದ್ದು ಅದಕ್ಕೆ ಪುಟ್ಟ ಪ್ಲಾಸ್ಟಿಕ್ ಮುಚ್ಚಳವಿರುತ್ತದೆ. ಅದನ್ನು ಕಂಡಾಗಲೆಲ್ಲ ನಮ್ಮ ಕಾರುಗಳಿಗೂ ಹೀಗೊಂದು ಇದ್ದಿದ್ದರೆ ಎಷ್ಟೋ ಬಾಗಿಲುಗಳು ಉಳಿಯುತ್ತಿದ್ದವು ಎಂದು ನನಗನ್ನಿಸುತ್ತದೆ.

ಕಂಬದ ಬಿರುಕು

ಕಂಬದಲ್ಲಿ ಬಿರುಕು ಕಂಡಿದ್ದರೆ ಬಾಗಿಲು ಹೊರಗಿರುವ ಈ ಅವಧಿಯಲ್ಲೇ ಅದನ್ನು ಮುಗಿಸಬೇಕು. ಬಿರುಕಿನ ತುದಿಯನ್ನು ಹುಡುಕಿ ಅಲ್ಲಿ ಮೂರು ಮಿಲಿಮೀಟರಿನ ತೂತು ಹಾಕಿದರೆ ಅದು ಮುಂದಕ್ಕೆ ಓಡುವುದು ನಿಲ್ಲುತ್ತದೆ. ಆಮೇಲೆ ಬೆಸುಗೆ, ಅದರ ಮೇಲೆ ಕೀಲಿನ ಎಲೆಗಿಂತ ದೊಡ್ಡದಾದ ತಗಡಿನ ತೇಪೆ. ಬೆಸುಗೆಯ ಮುಂಚೆ ಬ್ಯಾಟರಿಯ ಎರಡೂ ವೈರುಗಳನ್ನು ಬಿಚ್ಚಿ, ಸೀಟು ಮತ್ತು ಒಳಬಟ್ಟೆಗಳನ್ನು ಹೊರತೆಗೆದು, ಪಕ್ಕದಲ್ಲಿ ಬಕೆಟ್ ಮರಳನ್ನೂ ಬೆಂಕಿ ನಂದಿಸುವ ಸಾಧನವನ್ನೂ ಇಟ್ಟುಕೊಳ್ಳಿ. ಸ್ಕ್ರೂ ಹಿಡಿಯುವ ಮರೆ ಹಾಳಾಗಿದ್ದರೆ ಹೊಸ ಪಟ್ಟಿ ಮಾಡಿಸುವ ಸಮಯವೂ ಇದೇ.

ಜೋಡಿಸಿ ಹೊಂದಿಸುವುದು

ಅವಸರ ಮಾಡುವವರು ಸೋಲುವುದು ಇಲ್ಲಿಯೇ. ಮೊದಲು ಸ್ಟ್ರೈಕರನ್ನು ಪೂರ್ತಿ ಬಿಚ್ಚಿ ಬದಿಗಿಡಿ. ಅದು ಇದ್ದರೆ ಬಾಗಿಲು ಮುಚ್ಚುವಾಗ ಲಾಕ್ ಬಾಗಿಲನ್ನು ತನ್ನ ಎತ್ತರಕ್ಕೆ ಎಳೆದುಕೊಳ್ಳುತ್ತದೆ, ಕೀಲಿನ ನಿಜವಾದ ಸ್ಥಾನ ನಿಮಗೆ ಕಾಣುವುದೇ ಇಲ್ಲ. ಹೊಸ ರಬ್ಬರ್ ಬೀಡಿಂಗನ್ನೂ ಈಗ ಹಾಕಬಾರದು. ಮಾರುಕಟ್ಟೆಯಲ್ಲಿ ಸಿಗುವ ಬೀಡಿಂಗ್ ಎಷ್ಟೋ ಸಲ ಮೂಲಕ್ಕಿಂತ ದಪ್ಪವಿದ್ದು ಬಾಗಿಲನ್ನು ಹೊರದೂಡುತ್ತದೆ, ಆ ತಪ್ಪನ್ನು ಕೀಲಿನದೆಂದು ಭಾವಿಸಿ ಕೀಲನ್ನೇ ತಪ್ಪಾಗಿ ಹೊಂದಿಸುವ ಅಪಾಯವಿದೆ.

ಎರಡು ಬಾಗಿಲುಗಳ ಕೆಲಸ ಆಗಿದ್ದರೆ ಹಿಂದಿನ ಬಾಗಿಲಿನಿಂದ ಆರಂಭಿಸಬೇಕು, ಏಕೆಂದರೆ ಅದರ ಹಿಂದಿರುವ ದೇಹದ ಭಾಗ ಬೆಸೆದದ್ದು, ಅಲುಗುವಂಥದ್ದಲ್ಲ. ಹಿಂದಿನ ಬಾಗಿಲು ಅದಕ್ಕೆ ಹೊಂದಿದ ಮೇಲೆ ಮುಂದಿನ ಬಾಗಿಲನ್ನು ಹಿಂದಿನದಕ್ಕೆ ಹೊಂದಿಸುವುದು. ಬಾಗಿಲನ್ನು ಜ್ಯಾಕ್ ಮೇಲೆ ತಂದು, ಹಳೆಯ ಗೆರೆಗಳಿಗೆ ಎಲೆಗಳನ್ನು ಸೇರಿಸಿ, ಸ್ಕ್ರೂಗಳನ್ನು ಕೈಯಲ್ಲಿ ತಿರುಗುವಷ್ಟು ಮಾತ್ರ ಬಿಗಿಮಾಡಿ ಮೆಲ್ಲಗೆ ಮುಚ್ಚಿ ನೋಡಿ. ಹಿಂದೆ ಯಾರಾದರೂ ಕಂಬವನ್ನೋ ಕೀಲನ್ನೋ ಬಗ್ಗಿಸಿದ್ದರೆ ಹಳೆಯ ಗೆರೆ ಸರಿಹೊಂದದೆ ಬಾಗಿಲು ಈಗ ಅತಿ ಎತ್ತರಕ್ಕೆ ನಿಲ್ಲಬಹುದು. ಗಾಬರಿಯಾಗಬೇಕಿಲ್ಲ, ಆ ತಪ್ಪನ್ನು ಈಗ ಸ್ಕ್ರೂಗಳ ಸಡಿಲದಲ್ಲೇ ತಿದ್ದಬಹುದು.

ಹೊಂದಾಣಿಕೆಗೆ ಒಂದು ಕ್ರಮವಿದೆ. ಮೊದಲು ಎತ್ತರ: ಬಾಗಿಲಿನ ಮೇಲೆ ಹಾಯುವ ದೇಹದ ಏಣುಗೆರೆ ಪಕ್ಕದ ಬಾಗಿಲಿನ ಗೆರೆಗೆ ಸೇರಬೇಕು. ಆಮೇಲೆ ಸಂದು: ಮೇಲಿನಿಂದ ಕೆಳಗಿನವರೆಗೆ ಒಂದೇ ಅಗಲ, ನಾಲ್ಕೈದು ಮಿಲಿಮೀಟರ್. ಲಾಕಿನ ಅಂಚು ಇನ್ನೂ ಕೆಳಗಿದ್ದರೆ ಮೇಲಿನ ಕೀಲನ್ನು ಕಂಬದ ಕಡೆಗೆ ಸ್ವಲ್ಪ ಸರಿಸಬೇಕು ಅಥವಾ ಕೆಳಗಿನ ಕೀಲಿನ ಹಿಂದೆ ಶಿಮ್ ಕೊಡಬೇಕು. ಎರಡು ಕೀಲುಗಳನ್ನೂ ಒಟ್ಟಿಗೆ ಸಡಿಲಿಸಬೇಡಿ, ಒಂದು ಬಿಗಿಯಾಗಿದ್ದು ಇನ್ನೊಂದು ಸರಿಯಬೇಕು. ಕೊನೆಗೆ ಒಳಹೊರಗು: ಮುಂಬಾಗಿಲಿನ ಮುಂದಿನ ಅಂಚು ಮಡ್‌ಗಾರ್ಡಿಗಿಂತ ಹೊರಗೆ ಚಾಚಿದರೆ ಓಡುವಾಗ ಗಾಳಿಯ ಶಬ್ದ ಬರುತ್ತದೆ, ಕೂದಲೆಳೆಯಷ್ಟು ಒಳಗಿದ್ದರೆ ಒಳ್ಳೆಯದು. ಸಂದುಗಳು ಕಾರ್ಖಾನೆಯಿಂದ ಬಂದಾಗಲೇ ಅಷ್ಟೇನೂ ಸಮನಾಗಿರಲಿಲ್ಲ. ಆದ್ದರಿಂದ ಈಗಿನ ಕಾರುಗಳ ಸಂದನ್ನು ಮನಸ್ಸಿನಲ್ಲಿಟ್ಟುಕೊಂಡು ದಿನಗಟ್ಟಲೆ ಒದ್ದಾಡುವುದು ಬೇಡ. ಬಾಗಿಲು ಎಲ್ಲೂ ಉಜ್ಜದೆ, ಒಂದು ಬೆರಳಿನ ತಳ್ಳಿಗೆ ತನ್ನ ಜಾಗದಲ್ಲಿ ಕೂತರೆ ಕೀಲಿನ ಕೆಲಸ ಮುಗಿದಂತೆ.

ಸ್ಕ್ರೂಗಳನ್ನು ಪೂರ್ತಿ ಬಿಗಿದ ಮೇಲೆ ಸ್ಟ್ರೈಕರನ್ನು ಹಾಕಿ. ಲಾಕಿನ ನಾಲಿಗೆಗೆ ಒಂದಿಷ್ಟು ಗ್ರೀಸ್ ಹಚ್ಚಿ ಮುಚ್ಚಿದರೆ ಅದು ಸ್ಟ್ರೈಕರಿನ ಎಲ್ಲಿ ತಾಗುತ್ತಿದೆ ಎಂಬ ಗುರುತು ಸಿಗುತ್ತದೆ. ನಾಲಿಗೆ ಒಳಹೋಗುವಾಗ ಬಾಗಿಲು ಮೇಲಕ್ಕೂ ಏಳಬಾರದು, ಕೆಳಕ್ಕೂ ಇಳಿಯಬಾರದು. ಬೀಡಿಂಗ್ ಕೂರಿಸಿದ ಬಳಿಕ ಸ್ಟ್ರೈಕರನ್ನು ಹೊರಕ್ಕೋ ಒಳಕ್ಕೋ ತುಸು ಸರಿಸಬೇಕಾದೀತು, ಎತ್ತರವನ್ನು ಮಾತ್ರ ಮತ್ತೆ ಮುಟ್ಟಬೇಡಿ. ಚೆಕ್ ಸ್ಟ್ರಾಪ್ ತುಂಡಾಗಿದ್ದರೆ ಹೊಸದನ್ನು ಹಾಕದೆ ಕಾರನ್ನು ಹೊರತರಬಾರದು, ಏಕೆಂದರೆ ಅದಿಲ್ಲದ ಬಾಗಿಲು ಗಾಳಿಗೆ ಹಿಂದಕ್ಕೆ ಬೀಸಿದಾಗಲೆಲ್ಲ ಆ ಹೊಡೆತವನ್ನು ನೀವು ಈಗಷ್ಟೇ ಮಾಡಿಸಿದ ಪಿನ್ನು ತಿನ್ನುತ್ತದೆ.

ಎಣ್ಣೆತೂತಿಗೆ ತಿಂಗಳಿಗೊಮ್ಮೆ ಎರಡು ಹನಿ ಎಂಜಿನ್ ಆಯಿಲ್ ಬಿಟ್ಟು, ಹೊರಬಂದ ಕಪ್ಪು ಎಣ್ಣೆಯನ್ನು ಬಟ್ಟೆಯಿಂದ ಒರೆಸಬೇಕು. ಹೊರಗಿನಿಂದ ದಪ್ಪಗೆ ಗ್ರೀಸ್ ಬಳಿದರೆ ಅದು ಒಳಗಿಳಿಯುವುದಿಲ್ಲ, ದೂಳನ್ನು ಹಿಡಿದಿಟ್ಟುಕೊಂಡು ಸಾಣೆಯಂತೆ ಕೆಲಸ ಮಾಡುತ್ತದೆ. ಎರಡು ವಾರ ಓಡಿಸಿದ ಬಳಿಕ ಕೀಲಿನ ಸ್ಕ್ರೂಗಳನ್ನು ಇನ್ನೊಮ್ಮೆ ಬಿಗಿಮಾಡಿ, ಬಾಗಿಲನ್ನು ಅರ್ಧ ತೆರೆದು ಮೊದಲಿನಂತೆಯೇ ಎತ್ತಿ ನೋಡಿ. ನನ್ನ ಕಾರಿನ ಚಾಲಕನ ಬಾಗಿಲು ಕೆಲಸಕ್ಕೆ ಮೊದಲು ಅಂಚಿನಲ್ಲಿ 5 ಮಿ.ಮೀ. ಆಡುತ್ತಿತ್ತು, ಈಗ ಸ್ಕೇಲಿಗೆ ಸಿಗುವಷ್ಟು ಆಡುವುದಿಲ್ಲ. ನಿಮ್ಮ ಅಳತೆಯನ್ನೂ ಪಿನ್ನು ಬುಷ್‌ಗಳ ಗಾತ್ರವನ್ನೂ ತಾರೀಖಿನ ಸಮೇತ ಒಂದು ಚೀಟಿಯಲ್ಲಿ ಬರೆದು ಡೋರ್ ಪ್ಯಾಡಿನ ಹಿಂದೆ ಅಂಟಿಸಿಡಿ. ಮುಂದೆ ಆ ಬಾಗಿಲನ್ನು ಬಿಚ್ಚುವವರಿಗೆ ಅದು ಬೇಕಾಗುತ್ತದೆ.